ದುರ್ಗದ ಕೋಟೆ, ಕೋಟೆ ಬಾಗಿಲಿನ ಮ್ಯೂಸಿಯಂ: ಯಾವುದು ಮೊದಲು, ಹೇಗೆ ನೋಡಬೇಕು?

ಚಿತ್ರದುರ್ಗಕ್ಕೆ ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕೋಟೆ ನೋಡೋಕೆ ಎಷ್ಟು ಹೊತ್ತು ಬೇಕು? ಅರ್ಧ ದಿನ ಸಾಕಾ? ಮ್ಯೂಸಿಯಂ ಅಂತ ಒಂದಿದೆಯಂತೆ, ಅದು ಕೋಟೆಯ ಒಳಗಾ ಹೊರಗಾ? ಮ್ಯೂಸಿಯಂ ಬಗ್ಗೆ ಕೇಳುವವರು ಬಹುಪಾಲು ಕೋಟೆ ಇಳಿದು, ಕಾಲು ನೋವು ಅಂತ ಕೂತ ಮೇಲೆ ಕೇಳುತ್ತಾರೆ. ಅಷ್ಟು ಹೊತ್ತಿಗೆ ಅದರ ಬಾಗಿಲು ಹಾಕಿರುತ್ತದೆ.

ನನ್ನ ಸಲಹೆ ಇಷ್ಟೇ. ಸಾಧ್ಯವಾದರೆ ಮ್ಯೂಸಿಯಂ ಮೊದಲು, ಕೋಟೆ ಆಮೇಲೆ. ಮೇಲೆ ಬೆಟ್ಟದಲ್ಲಿ ಉಳಿದಿರುವುದು ಕಲ್ಲು, ಗೋಡೆ, ಗುಡಿ, ನೀರು. ಜನ ಕೈಯಲ್ಲಿ ಹಿಡಿದದ್ದು, ಅಂದರೆ ಮಡಕೆ, ನಾಣ್ಯ, ಕತ್ತಿ, ಓಲೆಗರಿ, ಇವೆಲ್ಲ ಕೆಳಗಿನ ಮ್ಯೂಸಿಯಂನಲ್ಲಿವೆ. ಅವನ್ನು ನೋಡದೆ ಹತ್ತಿದರೆ ಕೋಟೆ ಬರೀ ಫೋಟೋ ತೆಗೆಯುವ ಬಂಡೆಗಳ ಗುಡ್ಡವಾಗಿ ಉಳಿಯುತ್ತದೆ. ಹೇಗೆ ಯೋಜನೆ ಹಾಕಬೇಕು ಎಂದು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಜಾಗಗಳ ಲೆಕ್ಕ

ನೋಡಬೇಕಾದದ್ದು ಮೂರು ಕಡೆ ಇದೆ. ಒಂದು, ಬೆಟ್ಟದ ಮೇಲಿನ ಕೋಟೆ. ನಾವು ಕಲ್ಲಿನ ಕೋಟೆ ಅಂತೀವಿ, ಏಳು ಸುತ್ತಿನ ಕೋಟೆ ಅಂತಲೂ ಹೆಸರು. ಇದು ಕೇಂದ್ರ ಸರ್ಕಾರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿದೆ. ಎರಡು, ಹಳೇ ಊರಿನೊಳಗಿನ ರಂಗಯ್ಯನ ಬಾಗಿಲು. ಇದೂ ಕೋಟೆಯದೇ ಹೆಬ್ಬಾಗಿಲು, ಆದರೆ ಕೆಳಗಿನ ಸುತ್ತಿನದು. ಊರು ಬೆಳೆದು ಇದನ್ನು ಒಳಗೆ ಎಳೆದುಕೊಂಡಿರುವುದರಿಂದ ಎಷ್ಟೋ ಜನ ಇದರ ಪಕ್ಕದಲ್ಲೇ ಹಾದು ಹೋದರೂ ಕೋಟೆ ಇನ್ನೂ ಮುಂದಿದೆ ಅಂದುಕೊಳ್ಳುತ್ತಾರೆ. ಸರ್ಕಾರಿ ಮ್ಯೂಸಿಯಂ ಇರುವುದು ಇಲ್ಲಿ. ಇದನ್ನು ನೋಡಿಕೊಳ್ಳುವುದು ರಾಜ್ಯದ ಪುರಾತತ್ವ ಇಲಾಖೆ. ಮೂರು, ಬೆಟ್ಟದ ಹಿಂಬದಿಯ ಚಂದ್ರವಳ್ಳಿ ಕಣಿವೆ.

ಇಲಾಖೆಯ ಹೆಸರು ಯಾಕೆ ಹೇಳಿದೆ ಅಂದರೆ ಗೊಂದಲ ಶುರುವಾಗುವುದೇ ಅಲ್ಲಿಂದ. ಕೋಟೆಯ ಟಿಕೆಟ್ ಮ್ಯೂಸಿಯಂಗೆ ನಡೆಯುವುದಿಲ್ಲ. ಕೋಟೆಯ ಸಮಯ ಬೇರೆ, ಮ್ಯೂಸಿಯಂ ಸಮಯ ಬೇರೆ. ರಜೆಯೂ ಬೇರೆ.

ಎರಡು ಇಸವಿ ತಲೆಯಲ್ಲಿ ಇಟ್ಟುಕೊಳ್ಳಿ, ಮಿಕ್ಕದ್ದು ತಾನಾಗಿ ಜೋಡಿಸಿಕೊಳ್ಳುತ್ತದೆ. 1568ರಲ್ಲಿ ತಿಮ್ಮಣ್ಣ ನಾಯಕ ಇಲ್ಲಿ ಪಾಳೆಯಗಾರಿಕೆ ಶುರು ಮಾಡಿದ. ಪಾಳೆಯಗಾರ ಅಂದರೆ ದೊಡ್ಡ ದೊರೆಗೆ ಸೈನ್ಯ, ಕಪ್ಪ ಕೊಡುತ್ತಾ ತನ್ನ ಸೀಮೆಯನ್ನು ತಾನೇ ಆಳುವ ನಾಯಕ. ವಿಜಯನಗರ ಕುಸಿದ ಮೇಲೆ ಇಂಥವರು ಸ್ವತಂತ್ರರಾದರು. 1779ರಲ್ಲಿ ಹೈದರ್ ಅಲಿ ಕೋಟೆ ಹಿಡಿದ. ಕೊನೆಯ ನಾಯಕ ಮದಕರಿಯ ಆಳ್ವಿಕೆ ಅಲ್ಲಿಗೆ ಮುಗಿಯಿತು. ನೀವು ನೋಡುವ ಗೋಡೆ, ಬಾಗಿಲು, ಬುರುಜುಗಳಲ್ಲಿ ಹೆಚ್ಚಿನವು ಈ ಇನ್ನೂರು ಚಿಲ್ಲರೆ ವರ್ಷಗಳವು. ಆದರೆ ಗುಡಿಗಳು, ಶಾಸನಗಳು ಅದಕ್ಕಿಂತ ಹಳೆಯವು. ಹೊಯ್ಸಳರ ಕಾಲದಲ್ಲಿ ಈ ಊರಿನ ಹೆಸರು ಬೆಮ್ಮತ್ತನಕಲ್ಲು. ಚಂದ್ರವಳ್ಳಿಯಂತೂ ಇನ್ನೂ ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ.

ಹಂತ 1: ದಿನ ಆರಿಸಿ

ಸೋಮವಾರ ಬೇಡ. ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಸರ್ಕಾರಿ ರಜಾದಿನಗಳಲ್ಲೂ ಮುಚ್ಚುವುದುಂಟು. ವಿಚಿತ್ರ ಅಂದರೆ ಜನ ಊರೂರಿಂದ ಬರುವುದೇ ಅಂಥ ದಿನ. ದಸರಾ ರಜೆಯಲ್ಲೋ ಉದ್ದದ ವಾರಾಂತ್ಯದಲ್ಲೋ ಬರುವುದಾದರೆ ಹಿಂದಿನ ದಿನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಭಾನುವಾರ ಕೋಟೆಯ ಮೊದಲ ಮೂರು ಬಾಗಿಲುಗಳಲ್ಲಿ ಜಾತ್ರೆ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿರುತ್ತವೆ. ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ಬಿಡುವು ಮಾಡಿಕೊಂಡರೆ ನಿಮಗೇ ಲಾಭ.

ತಿಂಗಳು? ಅಕ್ಟೋಬರ್‌ನಿಂದ ಫೆಬ್ರವರಿ. ಮಾರ್ಚ್ ಬಂತೆಂದರೆ ಬಂಡೆ ಕಾಯುತ್ತದೆ, ಏಪ್ರಿಲ್ ಮೇನಲ್ಲಿ ಬೆಳಿಗ್ಗೆ ಹತ್ತರ ಮೇಲೆ ಮೇಲಿರುವುದು ಸುಮ್ನೆ ಶಿಕ್ಷೆ. ಜೂನ್ ಜುಲೈನಲ್ಲಿ ಮೋಡ, ಗಾಳಿ ಚೆನ್ನಾಗಿರುತ್ತವೆ. ಆದರೆ ತುಂತುರು ಬಿದ್ದ ಬಂಡೆ ಜಾರುತ್ತದೆ.

ನವೆಂಬರ್ 11 ಒನಕೆ ಓಬವ್ವ ಜಯಂತಿ. 2021ರಿಂದ ರಾಜ್ಯ ಸರ್ಕಾರ ಆಚರಿಸುತ್ತಿದೆ. ಆ ದಿನ ಊರಲ್ಲಿ ಮೆರವಣಿಗೆ, ಕಾರ್ಯಕ್ರಮ. ಅದನ್ನು ನೋಡಬೇಕು ಅಂತಿದ್ದರೆ ಬನ್ನಿ, ಕೋಟೆಯನ್ನು ನಿಧಾನವಾಗಿ ನೋಡಬೇಕು ಅಂತಿದ್ದರೆ ಬೇರೆ ದಿನ ಇಟ್ಟುಕೊಳ್ಳಿ.

ಹಂತ 2: ಗಂಟೆಯ ಲೆಕ್ಕ ಹಾಕಿ

ಇಲ್ಲೇ ಎಲ್ಲರೂ ಎಡವುವುದು. ಕೋಟೆ ಹತ್ತಲು ಒಳ್ಳೆಯ ಹೊತ್ತು ಬೆಳಿಗ್ಗೆ ಬೇಗ. ಮ್ಯೂಸಿಯಂ ತೆರೆಯುವುದು ಕಚೇರಿ ಸಮಯಕ್ಕೆ, ಸುಮಾರು ಹತ್ತಕ್ಕೆ. ಮ್ಯೂಸಿಯಂ ಮೊದಲು ಅಂದರೆ ಬಿಸಿಲಿಗೆ ಸಿಕ್ಕಿ ಬೀಳುತ್ತೀರಿ. ಕೋಟೆ ಮೊದಲು ಅಂದರೆ ಮ್ಯೂಸಿಯಂಗೆ ಬರುವಷ್ಟರಲ್ಲಿ ಸುಸ್ತು. ಇದಕ್ಕೆ ನನಗೆ ಕಂಡಿರುವ ದಾರಿಗಳು ಇವು.

ರಾತ್ರಿ ಉಳಿಯುವವರು: ಮೊದಲ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಮ್ಯೂಸಿಯಂ, ಮಾರನೇ ದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದ ಹಾಗೆ ಕೋಟೆ. ಹತ್ತೂವರೆಗೆ ಇಳಿದು ತಿಂಡಿ, ಆಮೇಲೆ ಚಂದ್ರವಳ್ಳಿ. ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ.

ಬೆಂಗಳೂರಿಂದ ಒಂದೇ ದಿನಕ್ಕೆ ಬಂದು ಹೋಗುವವರು: ಹನ್ನೊಂದಕ್ಕೆ ಊರು ತಲುಪುತ್ತೀರಿ. ನೇರ ಮ್ಯೂಸಿಯಂ. ಒಂದು ಗಂಟೆ ಅಲ್ಲಿ. ಊಟ, ಸ್ವಲ್ಪ ವಿಶ್ರಾಂತಿ. ಚಳಿಗಾಲವಾದರೆ ಎರಡೂವರೆಗೆ ಕೋಟೆ ಹತ್ತಿ. ಸಂಜೆ ಬಾಗಿಲು ಹಾಕುವ ಮುಂಚೆ ಇಳಿಯಬೇಕು, ಕಾವಲಿನವರು ಮುಕ್ಕಾಲು ಗಂಟೆ ಮೊದಲೇ ಶಿಳ್ಳೆ ಹೊಡೆಯಲು ಶುರು ಮಾಡುತ್ತಾರೆ. ಚಂದ್ರವಳ್ಳಿ ಬಿಟ್ಟುಬಿಡಿ. ಮೂರನ್ನೂ ಒಂದೇ ದಿನ ಮುಗಿಸುತ್ತೇನೆ ಅನ್ನುವವರು ಯಾವುದನ್ನೂ ನೋಡುವುದಿಲ್ಲ.

ದಾವಣಗೆರೆಯವರಿಗೆ ಅನುಕೂಲ ಜಾಸ್ತಿ. ದೂರ ಸುಮಾರು 60 ಕಿಲೋಮೀಟರ್. ಮುಂಜಾನೆ ಹೊರಟರೆ ಬೆಳಗಿನ ತಂಪಲ್ಲೇ ಕೋಟೆ ಹತ್ತಿ, ಹನ್ನೊಂದಕ್ಕೆ ಮ್ಯೂಸಿಯಂಗೆ ಇಳಿಯಬಹುದು. ಕ್ರಮ ಉಲ್ಟಾ ಆಯಿತು, ನಿಜ. ಆದರೆ ನೀವು ಇನ್ನೊಮ್ಮೆ ಬರೋಕೆ ಬೆಂಗಳೂರಿನವರಷ್ಟು ಯೋಚಿಸಬೇಕಾಗಿಲ್ಲ, ಅಲ್ವಾ?

ಹಂತ 3: ಏನು ತರಬೇಕು, ಏನು ಬೇಡ

ಒಬ್ಬರಿಗೆ ಎರಡು ಲೀಟರ್ ನೀರು. ಬೆಟ್ಟದ ಮೇಲೆ ಹೊಂಡಗಳು ತುಂಬಾ ಇವೆ, ಕುಡಿಯುವ ನೀರು ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ. ಟೋಪಿ ಅಥವಾ ಟವೆಲ್. ಹಿಡಿತ ಇರುವ ಶೂ. ಜೊತೆಗೆ ಒಂದು ದಪ್ಪ ಕಾಲುಚೀಲ, ಯಾಕೆಂದರೆ ಗುಡಿಗಳ ಮುಂದೆ ಶೂ ಬಿಟ್ಟು ನಡೆಯುವಾಗ ಕಲ್ಲು ಸುಡುತ್ತದೆ. ಚಂದ್ರವಳ್ಳಿಗೆ ಹೋಗುವುದಾದರೆ ಟಾರ್ಚ್. ಒಂದು ಸಣ್ಣ ನೋಟ್‌ಬುಕ್ ತಂದರೆ ಮ್ಯೂಸಿಯಂನಲ್ಲಿ ಕೆಲಸಕ್ಕೆ ಬರುತ್ತದೆ.

ಬೇಡವಾದದ್ದು ಪಾಲಿಥಿನ್ ಚೀಲ. ಕೋಟೆಯ ಮಂಗಗಳಿಗೆ ಆ ಸದ್ದು ಗೊತ್ತು. ಚೀಲದಲ್ಲಿ ತಿಂಡಿ ಇರಲಿ, ಬರೀ ಔಷಧಿ ಇರಲಿ, ಕಿತ್ತುಕೊಳ್ಳುತ್ತವೆ. ತಿನ್ನುವುದನ್ನು ಬ್ಯಾಗಿನ ಒಳಗೆ ಜಿಪ್ ಹಾಕಿ ಇಟ್ಟುಕೊಳ್ಳಿ, ಮೇಲೆ ಬಿಚ್ಚಲೇಬೇಡಿ. ಡ್ರೋನ್ ತರಬೇಡಿ, ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಟ್ರೈಪಾಡ್‌ಗೂ ಮೊದಲೇ ಅನುಮತಿ ಬೇಕು. ಮೊಬೈಲಿನಲ್ಲಿ ಫೋಟೋಗೆ ತೊಂದರೆ ಇಲ್ಲ.

ಇನ್ನೊಂದು ಮಾತು. ಬಂಡೆಗಳ ಸಂದಿಯಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಘಾಟಿನ ಸೆಂಟ್ ಹಾಕಿಕೊಂಡು ಬರಬೇಡಿ, ಬಂಡೆಯ ಕೆಳಗೆ ಬೀಡಿ ಸಿಗರೇಟು ಹಚ್ಚಬೇಡಿ. ಹುಡುಗರು ಗೂಡಿಗೆ ಕಲ್ಲು ಬೀಸುವುದನ್ನು ಕಂಡರೆ ಅಲ್ಲಿಂದ ಜಾಗ ಖಾಲಿ ಮಾಡಿ.

ಹಂತ 4: ಊರು ತಲುಪಿ

ಬೆಂಗಳೂರಿಂದ ಸುಮಾರು 200 ಕಿಲೋಮೀಟರ್, ತುಮಕೂರು, ಶಿರಾ, ಹಿರಿಯೂರು ದಾಟಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನೇರ ದಾರಿ. ಹೊಸಪೇಟೆ ಕಡೆಯಿಂದ ಬರುವವರಿಗೆ ಹೆದ್ದಾರಿ 50. ರೈಲಿನ ಬಗ್ಗೆ ಕೇಳುವವರಿಗೆ: ಚಿತ್ರದುರ್ಗ ನಿಲ್ದಾಣ ಇರುವುದು ಚಿಕ್ಕಜಾಜೂರು–ಬಳ್ಳಾರಿ ಮಾರ್ಗದಲ್ಲಿ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ಚಿಕ್ಕಜಾಜೂರಿನಲ್ಲೇ ಹಾದು ಹೋಗುತ್ತದೆ, ದುರ್ಗಕ್ಕೆ ಬರುವುದಿಲ್ಲ. ಹಾಗಾಗಿ ಬಸ್ಸೇ ಸುಲಭ.

ಬಸ್ ನಿಲ್ದಾಣದಿಂದ ಆಟೋ ಹಿಡಿಯಿರಿ. ಆಟೋದವರಿಗೆ ಬರೀ ಕೋಟೆ ಅಂದರೆ ಮೇಲಿನ ಟಿಕೆಟ್ ಕೌಂಟರ್ ಹತ್ತಿರ ಬಿಡುತ್ತಾರೆ. ಮ್ಯೂಸಿಯಂ ಬೇಕಿದ್ದರೆ ರಂಗಯ್ಯನ ಬಾಗಿಲು ಎಂದು ಹೇಳಿ. ಅಲ್ಲಿಂದ ಕೋಟೆಯ ಪ್ರವೇಶಕ್ಕೆ ಹಳೇ ಊರಿನ ಬೀದಿಯಲ್ಲಿ ನಡೆದೇ ಹೋಗಬಹುದು. ಸ್ವಂತ ಕಾರಿನವರು ಹಳೇ ಊರಿನ ಓಣಿಗಳಿಗೆ ನುಗ್ಗಿಸಬೇಡಿ. ಕೋಟೆ ಮುಂದಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಮ್ಯೂಸಿಯಂಗೆ ನಡೆದು ಬನ್ನಿ.

ಹಂತ 5: ಮ್ಯೂಸಿಯಂ ಒಳಗೆ

ಇದು ದೊಡ್ಡ ನಗರಗಳ ಮ್ಯೂಸಿಯಂ ಹಾಗೆ ಇರುತ್ತದೆ ಅಂದುಕೊಳ್ಳಬೇಡಿ. ಚಿಕ್ಕದು. ಸುಮ್ನೆ ಸುತ್ತಿದರೆ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಹೆಚ್ಚಿನವರು ಹಾಗೇ ಮಾಡಿ, ಏನೂ ಇಲ್ಲ ಅಂತ ಹೊರಗೆ ಬರುತ್ತಾರೆ. ಏನು ನೋಡುತ್ತಿದ್ದೇವೆ ಎಂದು ಗೊತ್ತಿದ್ದರೆ ಒಂದು ಗಂಟೆಯೂ ಸಾಲದು. ವಸ್ತುಗಳ ಜಾಗ ಆಗಾಗ ಬದಲಾಗುವುದರಿಂದ ಕೋಣೆ ಲೆಕ್ಕದಲ್ಲಿ ಹೇಳದೆ ಬಗೆಯ ಲೆಕ್ಕದಲ್ಲಿ ಹೇಳುತ್ತೇನೆ.

ಮೊದಲು ಕಟ್ಟಡ. ಒಳಗೆ ನುಗ್ಗುವ ಮುನ್ನ ಬಾಗಿಲಿನ ಕೆಳಗೆ ನಿಂತು ಒಮ್ಮೆ ನೋಡಿ. ನೀವು ನಿಂತಿರುವುದೇ ಕೋಟೆಯ ಹೆಬ್ಬಾಗಿಲಿನಲ್ಲಿ.

ಒಳಗೆ ಹೋದ ಮೇಲೆ ಮಡಕೆ ಚೂರುಗಳ ಹತ್ತಿರ ನಿಲ್ಲಿ. ಯಾರೂ ನಿಲ್ಲದ ಜಾಗ ಅದು. ಚಂದ್ರವಳ್ಳಿ ಮತ್ತು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಸಿಕ್ಕ ಚೂರುಗಳು ಈ ಜಿಲ್ಲೆಯ ಚರಿತ್ರೆಯ ಬುಡ. ಹೊರಗೆ ಕೆಂಪು, ಒಳಗೆ ಮತ್ತು ಬಾಯಿಯ ಹತ್ತಿರ ಕಪ್ಪು ಇರುವ ಮಡಕೆಯನ್ನು ಕಪ್ಪು ಕೆಂಪು ಮಡಕೆ ಎನ್ನುತ್ತಾರೆ. ಮಡಕೆಯನ್ನು ಬೋರಲಾಗಿ ಸುಟ್ಟಾಗ ಒಳಗೆ ಗಾಳಿ ಆಡದೆ ಕಪ್ಪಾಗುತ್ತದೆ, ಹೊರಮೈ ಕೆಂಪಾಗುತ್ತದೆ. ಕಬ್ಬಿಣ ಬಳಕೆಗೆ ಬಂದ ಕಾಲದ ದೊಡ್ಡ ಕಲ್ಲುಗೋರಿಗಳಲ್ಲಿ ಇಂಥವು ಸಿಗುತ್ತವೆ. ಕೆಂಗಂದು ಮೈಯ ಮೇಲೆ ಬಿಳಿ ಗೆರೆ ಎಳೆದ ಚೂರುಗಳು ಅದರ ನಂತರದವು, ಸಾತವಾಹನರ ಕಾಲದ ಸುಮಾರಿನವು. ನಯವಾಗಿ ಉಜ್ಜಿದ ಕಲ್ಲಿನ ಕೊಡಲಿ ಕಂಡರೆ ಅದು ಇವೆರಡಕ್ಕಿಂತ ಹಳೆಯದು, ಲೋಹ ಬರುವ ಮುಂಚಿನ ನವಶಿಲಾಯುಗದ್ದು.

ಇಲ್ಲಿ ಒಂದು ಸ್ವಾರಸ್ಯ ಇದೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೆ ಚಂದ್ರವಳ್ಳಿಯಲ್ಲಿ ಅಗೆಸಿದರು. 1947ರಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಆಗಿನ ಮುಖ್ಯಸ್ಥ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ ಎರಡರಲ್ಲೂ ಅಗೆಸಿದರು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ರೋಮಿನ ದೊರೆಗಳ ಕಾಲ ನಿಖರವಾಗಿ ಗೊತ್ತು. ಹಾಗಾಗಿ ಆ ನಾಣ್ಯ ಸಿಕ್ಕ ಮಣ್ಣಿನ ಪದರಕ್ಕೂ, ಅದರಲ್ಲಿನ ಮಡಕೆಗೂ ಕಾಲ ಗೊತ್ತು ಮಾಡಲು ಸಾಧ್ಯವಾಯಿತು. ದಕ್ಷಿಣ ಭಾರತದ ಚರಿತ್ರೆ ಪೂರ್ವ ಕಾಲದ ಲೆಕ್ಕಕ್ಕೆ ನಮ್ಮ ಜಿಲ್ಲೆಯ ಈ ಎರಡು ಗುಂಡಿಗಳು ಗೂಟ ಇದ್ದ ಹಾಗೆ. ನಾಣ್ಯಗಳ ಪೆಟ್ಟಿಗೆ ನೋಡುವಾಗ ಇದು ನೆನಪಿರಲಿ. ಬೂದು ಬಣ್ಣದ ದಪ್ಪ ನಾಣ್ಯ ಕಂಡರೆ ಅದು ಸೀಸದ್ದಿರಬಹುದು. ಸಾತವಾಹನರ ಕಾಲದಲ್ಲಿ ಸೀಸದಲ್ಲೂ ನಾಣ್ಯ ಹೊಡೆಯುತ್ತಿದ್ದರು.

ಮುಂದೆ ಕಲ್ಲುಗಳು. ವೀರಗಲ್ಲು ಅಂದರೆ ಕಾದಾಡಿ ಸತ್ತವನ ನೆನಪಿಗೆ ನೆಟ್ಟ ಕಲ್ಲು. ಇದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ದನ ಚಿತ್ರಿಸಿದ್ದರೆ ತುರು ಕಾಳಗ, ಅಂದರೆ ಊರಿನ ದನ ಹೊಡೆದುಕೊಂಡು ಹೋಗುವವರ ಜೊತೆ ನಡೆದ ಜಗಳ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಶಿವಲಿಂಗದ ಮುಂದೆ ಕೂತಿರುತ್ತಾನೆ. ಮೇಲಿಂದ ಕೆಳಗೆ ನೋಡಿದರೆ ಕಥೆ ಹಿಂದುಮುಂದಾಗುತ್ತದೆ. ಮಾಸ್ತಿಗಲ್ಲು ಗುರುತಿಸುವುದು ಇನ್ನೂ ಸುಲಭ. ಕಂಬದಿಂದ ಚಾಚಿದ ಒಂದು ಕೈ, ಅದರ ತುಂಬಾ ಬಳೆ. ಗಂಡನ ಚಿತೆಗೆ ಬಿದ್ದ ಹೆಂಗಸಿನ ಹೆಸರಲ್ಲಿ ನಿಲ್ಲಿಸಿದ್ದು. ಬಳೆ ಯಾಕೆ ಒಡೆದಿಲ್ಲ ಅಂತ ಮಕ್ಕಳು ಕೇಳುತ್ತಾರೆ. ಅವಳು ಮುತ್ತೈದೆಯಾಗಿಯೇ ಹೋದಳು ಎಂಬ ನಂಬಿಕೆ ಅದು. ಅದರ ಕ್ರೌರ್ಯವನ್ನೂ ಮಕ್ಕಳಿಗೆ ಹೇಳಿ, ಮುಚ್ಚಿಡಬೇಡಿ.

ದಾನ ಶಾಸನದ ತಲೆಯಲ್ಲಿ ಸೂರ್ಯ ಚಂದ್ರ ಇರುತ್ತಾರೆ. ಅವರಿರುವ ತನಕ ಈ ದಾನ ನಡೆಯಲಿ ಎಂದು ಅರ್ಥ. ಕೊನೆಯ ಸಾಲುಗಳಲ್ಲಿ ಶಾಪ. ದಾನದ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕ ಬಹಳ ಕಡೆ ಬರುತ್ತದೆ. ಒತ್ತುವರಿ ಸಮಸ್ಯೆ ಆಗಲೂ ಇತ್ತು ಅಂತಾಯ್ತು.

ಫಲಕದಲ್ಲಿ ಶಕ ವರ್ಷ ಬರೆದಿದ್ದರೆ ಗಾಬರಿ ಬೇಡ. 78 ಕೂಡಿಸಿ. ಶಕ 1490 ಅಂದರೆ 1568. ಶಕ 1701 ಅಂದರೆ 1779. ನೋಟ್‌ಬುಕ್ ತನ್ನಿ ಅಂದದ್ದು ಇದಕ್ಕೇ.

ಆಯುಧಗಳ ಹತ್ತಿರ ಎಲ್ಲರೂ ತಾವಾಗಿಯೇ ನಿಲ್ಲುತ್ತಾರೆ, ನಾನು ಹೇಳಬೇಕಾಗಿಲ್ಲ. ಕತ್ತಿಗಿಂತ ಗುಂಡುಗಳನ್ನು ಗಮನಿಸಿ. ಕಲ್ಲಿನ ಗುಂಡು, ಕಬ್ಬಿಣದ ಗುಂಡು ಎರಡೂ ಬಳಕೆಯಲ್ಲಿದ್ದವು. ಮೇಲೆ ಕೋಟೆಯ ಗೋಡೆಯಲ್ಲಿ ಬಂದೂಕಿನ ಕಿಂಡಿ ನೋಡುವಾಗ ಈ ಗಾತ್ರ ಕಣ್ಣಲ್ಲಿರಲಿ.

ಎಚ್ಚರಿಕೆ: ಒಳಗೆ ಫೋಟೋ ತೆಗೆಯುವ ಮುನ್ನ ಸಿಬ್ಬಂದಿಯನ್ನು ಕೇಳಿ. ಶಿಲ್ಪ ಮುಟ್ಟಬೇಡಿ. ವೀರಗಲ್ಲಿಗೆ ಕುಂಕುಮ ಹಚ್ಚಿ ಕೈ ಮುಗಿಯುವ ಹಿರಿಯರನ್ನು ನೋಡಿದ್ದೇನೆ, ಭಕ್ತಿ ಸರಿ. ಆದರೆ ಸವೆದ ಅಕ್ಷರದೊಳಗೆ ಬಣ್ಣ ಕೂತರೆ ಮತ್ತೆ ಓದಲು ಆಗುವುದಿಲ್ಲ.

ಹಂತ 6: ಕೋಟೆ ಹತ್ತುವುದು

ಟಿಕೆಟ್ ಭಾರತೀಯರಿಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಕ್ಯೂಆರ್ ಕೋಡಿನಲ್ಲಿ ಕಟ್ಟಿದರೆ ಐದು ರೂಪಾಯಿ ಕಡಿಮೆ. ದರ ಆಗಾಗ ಬದಲಾಗುತ್ತದೆ, ಕೌಂಟರ್ ಬೋರ್ಡು ನೋಡಿಕೊಳ್ಳಿ. ಶೌಚಾಲಯ ಕೆಳಗೇ ಮುಗಿಸಿಕೊಳ್ಳಿ.

ಬಾಗಿಲಿನ ಹತ್ತಿರ ಗೈಡುಗಳು ಸಿಗುತ್ತಾರೆ. ಮೊದಲ ಸಲ ಬರುವವರು ಒಬ್ಬರನ್ನು ಮಾಡಿಕೊಳ್ಳುವುದು ಒಳ್ಳೆಯದು, ದಾರಿ ಕವಲೊಡೆಯುವ ಕಡೆ ಸಮಯ ಉಳಿಯುತ್ತದೆ. ಎರಡು ವಿಷಯ ಮೊದಲೇ ಮಾತಾಡಿ: ಎಷ್ಟು ದುಡ್ಡು, ಎಲ್ಲಿಯವರೆಗೆ ಬರುತ್ತಾರೆ. ಒಬ್ಬರೇ ಗೈಡು ಓಬವ್ವನ ಕಿಂಡಿಯ ತನಕ ತೋರಿಸಿ ಮುಗಿಯಿತು ಎನ್ನುವುದೂ ಉಂಟು, ಅರಮನೆಯ ತನಕ ಕರೆದೊಯ್ಯುವುದೂ ಉಂಟು. ಅವರು ಹೇಳುವುದರಲ್ಲಿ ಶಾಸನದ ಸಂಗತಿ ಎಷ್ಟು, ಬಾಯಿಂದ ಬಾಯಿಗೆ ಬಂದ ಕಥೆ ಎಷ್ಟು ಎಂದು ಕೇಳಿ. ಒಳ್ಳೆಯ ಗೈಡಿಗೆ ಆ ಪ್ರಶ್ನೆ ಇಷ್ಟವಾಗುತ್ತದೆ.

ಮೊದಲ ಬಾಗಿಲಿನ ಹತ್ತಿರ ಗೋಡೆಯಲ್ಲಿ ನಾಗರದ ಕೆತ್ತನೆ ಹುಡುಕಿ. ಒಳಗೆ ಕಾಲಿಟ್ಟ ಮೇಲೆ ನಿಂತು ಮುಂದಿನ ಬಾಗಿಲು ಕಾಣುತ್ತದಾ ನೋಡಿ. ಕಾಣುವುದಿಲ್ಲ. ದಾರಿ ತಿರುಗುತ್ತದೆ, ಮತ್ತೆ ತಿರುಗುತ್ತದೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬೇಕಾದರೆ ಉದ್ದಕ್ಕೆ ಜಾಗ ಬೇಕು. ಆ ಜಾಗವನ್ನೇ ಕೊಟ್ಟಿಲ್ಲ. ನುಗ್ಗಿದ ಸೈನ್ಯ ತಿರುವಿನಲ್ಲಿ ನಿಧಾನವಾಗುತ್ತದೆ, ಮೇಲಿನ ಗೋಡೆಯಲ್ಲಿ ನಿಂತವರಿಗೆ ಅಷ್ಟೇ ಸಾಕು.

ಗೋಡೆಯ ಕಲ್ಲುಗಳ ನಡುವೆ ಗಾರೆ ಹುಡುಕಿ. ಬಹಳ ಕಡೆ ಇಲ್ಲ. ಒಂದಕ್ಕೊಂದು ಕೂರುವ ಹಾಗೆ ಕೆತ್ತಿ ಪೇರಿಸಿದ್ದಾರೆ. ಬಂಡೆಗಳ ಮೈಮೇಲೆ ಸಾಲಾಗಿ ಚಿಕ್ಕ ಚಿಕ್ಕ ಗುಳಿ ಕಾಣುತ್ತವಲ್ಲ, ಅವು ಬಂಡೆ ಸೀಳಲು ಬೆಣೆ ಹೊಡೆದ ಗುರುತು. ಕೆಲವು ಕಡೆ ಗುಳಿ ಕೊರೆದು ಸೀಳದೆ ಬಿಟ್ಟಿದ್ದಾರೆ. ನನಗೆ ಇಡೀ ಕೋಟೆಯಲ್ಲಿ ತುಂಬಾ ಇಷ್ಟವಾಗುವುದು ಆ ಅರ್ಧಕ್ಕೆ ನಿಂತ ಕೆಲಸ. ಬಾಗಿಲುಗಳ ಪಕ್ಕ ನೆಲದಲ್ಲೂ ಚಾವಣಿಯಲ್ಲೂ ಇರುವ ದುಂಡನೆಯ ಕುಳಿಗಳು ಮರದ ಬಾಗಿಲು ತಿರುಗುತ್ತಿದ್ದ ಜಾಗ. ಗೋಡೆಯೊಳಗೆ ಉದ್ದಕ್ಕೆ ಹೋದ ಚೌಕದ ತೂತು ಅಗುಳಿಯದ್ದು.

ಮದ್ದು ಬೀಸುವ ಕಲ್ಲು ನೋಡದೆ ಮುಂದೆ ಹೋಗಬೇಡಿ. ಪ್ರವೇಶದ ಬಾಗಿಲುಗಳ ಸಾಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿಯಬೇಕು, ಆದ್ದರಿಂದ ಗುಂಪಾಗಿ ಬಂದವರು ತಪ್ಪಿಸಿಕೊಳ್ಳುತ್ತಾರೆ. ತಗ್ಗಿನಲ್ಲಿ ನಾಲ್ಕು ಭಾರಿ ಬೀಸುವ ಕಲ್ಲುಗಳಿವೆ. ಬಂದೂಕು, ಫಿರಂಗಿಗೆ ಬೇಕಾದ ಕರಿಮದ್ದು ಅರೆಯಲು ಬಳಸಿದ್ದು ಎನ್ನುತ್ತಾರೆ. ಮ್ಯೂಸಿಯಂನಲ್ಲಿ ಗುಂಡು ನೋಡಿ ಬಂದವರಿಗೆ ಇಲ್ಲಿ ಕೊಂಡಿ ಸಿಗುತ್ತದೆ.

ಮೇಲೆ ಹೋದ ಮೇಲೆ ಗುಡಿಗಳು. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಗೋಪಾಲಕೃಷ್ಣ. ಎತ್ತರದ ದೀಪಸ್ತಂಭ, ಉಯ್ಯಾಲೆ ಕಂಬ ಸಿಗುವುದೂ ಇದೇ ಗುಡಿಗಳ ವಠಾರದಲ್ಲಿ. ನಾಯಕರ ಪಟ್ಟಾಭಿಷೇಕ ಸಂಪಿಗೆ ಸಿದ್ಧೇಶ್ವರನ ಎದುರು ಆಗುತ್ತಿತ್ತು ಎಂಬ ಮಾತಿದೆ. ಹಿಡಿಂಬೇಶ್ವರದಲ್ಲಿ ಹಿಡಿಂಬನ ಹಲ್ಲು ಎಂದು ತೋರಿಸುತ್ತಾರೆ. ನಂಬುವುದು ನಿಮಗೆ ಬಿಟ್ಟದ್ದು.

ಆಮೇಲೆ ನೀರು. ಇದಕ್ಕೆ ಹೊತ್ತು ಇಟ್ಟುಕೊಳ್ಳಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದ ತನಕ ಸರಪಳಿ. ಬಂಡೆಯ ಇಳಿಜಾರಿಗೆ ಬಿದ್ದ ಮಳೆಯನ್ನು ಹನಿ ಬಿಡದೆ ಹಿಡಿಯುವ ಏರ್ಪಾಡು. ಮುತ್ತಿಗೆ ಹಾಕಿದ ಶತ್ರು ಕೆಳಗೆ ಕೂತಿದ್ದರೂ ಮೇಲಿನವರಿಗೆ ನೀರಿಗೆ ಬರ ಇರಲಿಲ್ಲ. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಕೋಟೆಯ ನಿಜವಾದ ಬಲ ಗೋಡೆಯಲ್ಲಿತ್ತೋ ಹೊಂಡದಲ್ಲಿತ್ತೋ ಎಂದು ನನಗೆ ಅನುಮಾನ. ಹೊಂಡದ ಪಾಚಿ ಮೆಟ್ಟಿಲಿಗೆ ಮಾತ್ರ ಇಳಿಯಬೇಡಿ. ಆಳ ಮೇಲಿಂದ ಗೊತ್ತಾಗುವುದಿಲ್ಲ.

ಒನಕೆ ಓಬವ್ವನ ಕಿಂಡಿ ಎಲ್ಲರೂ ಕೇಳುವ ಜಾಗ. ಸಿನಿಮಾ ನೋಡಿ ಬಂದವರಿಗೆ ಮೊದಲು ನಿರಾಸೆಯಾಗುತ್ತದೆ, ಇಷ್ಟೇನಾ ಅಂತ. ಇಷ್ಟೇ. ಒಬ್ಬರು ಬಗ್ಗಿ ತೂರುವಷ್ಟು ಸಂದು. ಕಹಳೆ ಊದುವ ಕಾವಲುಗಾರ ಮುದ್ದ ಹನುಮ ಊಟಕ್ಕೆ ಕೂತಿದ್ದಾಗ ನೀರಿಗೆ ಬಂದ ಹೆಂಡತಿ ಓಬವ್ವ, ಕಿಂಡಿಯಲ್ಲಿ ತೂರಿ ಬರುತ್ತಿದ್ದ ಹೈದರನ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಹೊಡೆದಳು ಎಂಬುದು ನಾವೆಲ್ಲ ಕೇಳಿ ಬೆಳೆದ ಕಥೆ. ಕಿಂಡಿ ದೊಡ್ಡದಾಗಿದ್ದರೆ ಅದು ನಡೆಯುತ್ತಲೇ ಇರಲಿಲ್ಲ. ಪಕ್ಕದಲ್ಲೇ ತಣ್ಣೀರು ದೋಣಿ ಇದೆ. ದೋಣಿ ಅಂದರೆ ಇಲ್ಲಿ ಬಂಡೆಯ ನಡುವಿನ ನೀರಿನ ಸೆಲೆ. ಆಕೆ ನೀರಿಗೆ ಬಂದದ್ದು ಇಲ್ಲಿಗೆ ಅನ್ನುತ್ತಾರೆ. ಕಿಂಡಿಯಲ್ಲಿ ನುಸುಳಿ ರೀಲ್ಸ್ ಮಾಡಲು ಸಾಲು ನಿಂತಿರುತ್ತದೆ, ತಾಳ್ಮೆ ಇರಲಿ.

ಕಾಲಲ್ಲಿ ಕಸುವಿದ್ದರೆ ಅರಮನೆಯ ಅವಶೇಷದ ತನಕ ನಡೆಯಿರಿ. ಮಣ್ಣಿನ ಗೋಡೆಗಳು. ಕಲ್ಲಿನ ಕೋಟೆ ಕಟ್ಟಿದವರು ತಾವು ಇದ್ದದ್ದು ಮಣ್ಣಿನ ಮನೆಯಲ್ಲಿ. ಆ ಗೋಡೆ ಇಷ್ಟು ವರ್ಷ ಮಳೆಗೆ ನಿಂತಿದೆ, ಒಬ್ಬರು ಹತ್ತಿ ಕೂತರೆ ಕುಸಿಯಬಹುದು. ದೂರದಿಂದಲೇ ನೋಡಿ.

ಕೊನೆಯದು ತುಪ್ಪದ ಕೊಳದ ಬತೇರಿ. ಬತೇರಿ ಅಂದರೆ ಫಿರಂಗಿ ಇಟ್ಟು ಕಾಯುವ ಎತ್ತರದ ಬುರುಜು. ಬೋಳು ಬಂಡೆಯ ಮೇಲೆ ಕಾಲಿಡಲು ಕೊರೆದ ಸಣ್ಣ ಗುಳಿಗಳೇ ಮೆಟ್ಟಿಲು. ಮೇಲಿಂದ ಇಡೀ ಕೋಟೆಯ ಸುತ್ತು, ಊರು, ದೂರದ ಗಾಳಿಯಂತ್ರಗಳು ಕಾಣುತ್ತವೆ. ಹತ್ತುವಾಗ ಹೆದರಿಕೆ ಆಗುವುದಿಲ್ಲ, ಇಳಿಯುವಾಗ ಆಗುತ್ತದೆ. ಇಳಿಯುವಾಗ ಬಂಡೆಗೆ ಮುಖ ಮಾಡಿ, ಒಂದೊಂದೇ ಗುಳಿ ಹುಡುಕಿ ಇಳಿಯಿರಿ. ಒದ್ದೆಯಾಗಿದ್ದರೆ, ಗಾಳಿ ಜೋರಿದ್ದರೆ ಕೆಳಗೇ ನಿಲ್ಲಿ. ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಹತ್ತುವವರನ್ನು ಕಂಡು ನೀವೂ ಪ್ರಯತ್ನಿಸಬೇಡಿ. ಅವರದ್ದು ವರ್ಷಗಟ್ಟಲೆಯ ಅಭ್ಯಾಸ.

ಮಂಡಿ ನೋವಿನ ಹಿರಿಯರು, ಕೈಗೂಸು ಇರುವವರು ಮೊದಲ ಬಾಗಿಲುಗಳು, ಬೀಸುವ ಕಲ್ಲು ಇಷ್ಟನ್ನು ನಿಧಾನವಾಗಿ ನೋಡಿ ಹಿಂದಿರುಗಬಹುದು. ಮೇಲಿನದಕ್ಕೆ ಇಳಿಜಾರು, ಮೆಟ್ಟಿಲು ಎರಡೂ ಇವೆ, ಹಿಡಿಕೆ ಎಲ್ಲ ಕಡೆ ಇಲ್ಲ. ಪೂರ್ತಿ ನೋಡುವವರು ಮೂರೂವರೆ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಹಂತ 7: ಚಂದ್ರವಳ್ಳಿ

ಕೋಟೆಯ ಮೇಲಿಂದ ಚಂದ್ರವಳ್ಳಿ ಹತ್ತಿರ ಕಾಣುತ್ತದೆ, ಹಿಂಬದಿ ಇಳಿದುಬಿಡೋಣ ಅನಿಸುತ್ತದೆ. ಬೇಡ. ಕೆಳಗಿಳಿದು ಆಟೋದಲ್ಲಿ ಸುತ್ತಿ ಹೋಗಿ.

ಕೆರೆಯ ಹತ್ತಿರ ಭೈರವೇಶ್ವರ ಗುಡಿ. ಅಲ್ಲಿನ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ. ಅದರಲ್ಲಿರುವುದು ಕೆರೆಯ ವಿಷಯ. ಅಕ್ಷರ ಬಹಳ ಸವೆದಿದೆ, ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಸ್ವಲ್ಪ ಕಾಣುತ್ತದೆ. ಮುಂದೆ ಅಂಕಲಿ ಮಠ, ಬಂಡೆಗಳ ಅಡಿಯ ಗುಹೆ ಕೋಣೆಗಳು. ಒಳಗೆ ಪೂರ್ತಿ ಕತ್ತಲೆ. ಟಾರ್ಚ್ ಹಿಡಿದ ಸ್ಥಳೀಯ ಗೈಡು ಜೊತೆಗಿಲ್ಲದೆ ಇಳಿಯಬೇಡಿ. ಕೆಲವು ಕಡೆ ಬಗ್ಗಿ ನಡೆಯಬೇಕು. ಉಸಿರಾಟದ ತೊಂದರೆ ಇರುವವರು, ಇಕ್ಕಟ್ಟು ಅಂದರೆ ಹೆದರುವವರು ಹೊರಗೆ ಕೂರುವುದೇ ಒಳ್ಳೆಯದು. ಕತ್ತಲಾಗುವ ಮುನ್ನ ಕಣಿವೆಯಿಂದ ಹೊರಗೆ ಬಂದುಬಿಡಿ.

ಇನ್ನೊಂದು ದಿನ ಕೈಯಲ್ಲಿದ್ದರೆ ಬ್ರಹ್ಮಗಿರಿಗೆ ಹೋಗಿ. ಅಶೋಕನ ಶಾಸನ ಅಲ್ಲಿ ಬಂಡೆಯ ಮೇಲೆಯೇ ಇದೆ. 1892ರಲ್ಲಿ ಅದನ್ನು ಪತ್ತೆ ಮಾಡಿದ್ದು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್. ಸ್ವಂತ ಗಾಡಿ ಇದ್ದರೆ ಸುಲಭ, ಬಸ್ಸಿನಲ್ಲಾದರೆ ಇಡೀ ದಿನ ಬೇಕು.

ಹಂತ 8: ವಾಪಸ್ ಹೊರಡುವಾಗ

ಹಸಿವಾಗಿರುತ್ತದೆ. ಸಂಜೆ ಗಾಡಿಗಳಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸಿಗುತ್ತದೆ. ದಾವಣಗೆರೆ ಕಡೆಗೆ ಹೋಗುವವರು ಬೆಣ್ಣೆ ದೋಸೆಗೆ ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಬಸ್ಸಿನ ಬಗ್ಗೆ ಒಂದು ಎಚ್ಚರಿಕೆ. ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳು ರಾತ್ರಿಯಿಡೀ ಇವೆ, ಆದರೆ ಎಲ್ಲವೂ ಊರೊಳಗೆ ಬರುವುದಿಲ್ಲ. ಕೆಲವು ಹೆದ್ದಾರಿಯಲ್ಲೇ ಹಾದು ಹೋಗುತ್ತವೆ. ಟಿಕೆಟ್ ಕಾಯ್ದಿರಿಸುವಾಗ ಹತ್ತುವ ಜಾಗ ನಿಲ್ದಾಣವೋ ಹೆದ್ದಾರಿಯೋ ಓದಿಕೊಳ್ಳಿ. ಹೆದ್ದಾರಿ ಎಂದಿದ್ದರೆ ಅರ್ಧ ಗಂಟೆ ಮೊದಲೇ ಆಟೋ ಹಿಡಿಯಿರಿ, ರಾತ್ರಿ ಒಂಬತ್ತರ ಮೇಲೆ ಆಟೋದವರು ಕೇಳಿದ್ದೇ ರೇಟು.